ದುಡ್ಡು ಕೊಟ್ಟು ಬ್ಲಾಗ್‌ನಲ್ಲಿ ರಿವ್ಯೂ ಬರೆಸೋದು: ರೊಟ್ಟಿ ಮಾರೋರಿಗೆ ಲಾಭ ಇದೆಯಾ?

ಕಡಕ್ ರೊಟ್ಟಿ, ಕಲಬುರಗಿ (ಸೋಮವಾರ, ರಾತ್ರಿ 9:20)

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ನಾನು, ನಮ್ಮ ಅತ್ತೆ ಸೇರಿ ಮನೆಯಲ್ಲೇ ಜೋಳದ ಕಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಚಟ್ನಿಪುಡಿ) ಮಾಡಿ ಮಾರುತ್ತೇವೆ. ನಾಲ್ಕು ಜನ ಹೆಣ್ಣುಮಕ್ಕಳು ಬಡಿಯೋಕೆ ಬರುತ್ತಾರೆ. ಊರಲ್ಲಿ ವ್ಯಾಪಾರ ಚೆನ್ನಾಗಿಯೇ ಇದೆ. ಹೋದ ವರ್ಷ ನನ್ನ ತಮ್ಮ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿರುವ ನಮ್ಮ ಕಡೆಯ ಮಂದಿ ತರಿಸಿಕೊಳ್ಳಲಿ ಅಂತ. ತಿಂಗಳಿಗೆ ಹತ್ತು ಹನ್ನೆರಡು ಆರ್ಡರ್ ಬರುತ್ತವೆ. ಅದರಲ್ಲಿ ಅರ್ಧ ನೆಂಟರದ್ದೇ.

ಮೊನ್ನೆ ಒಂದು ಏಜೆನ್ಸಿಯಿಂದ ಮೇಲ್ ಬಂತು. 18,000 ರೂಪಾಯಿ ಕೊಟ್ಟರೆ 12 ಬ್ಲಾಗ್‌ಗಳಲ್ಲಿ ನಮ್ಮ ರೊಟ್ಟಿ ಬಗ್ಗೆ ರಿವ್ಯೂ ಹಾಕಿಸುತ್ತಾರಂತೆ. ಎಲ್ಲದರಲ್ಲೂ ನಮ್ಮ ಸೈಟ್‌ಗೆ ಡು-ಫಾಲೋ ಲಿಂಕ್, ಅಂದರೆ ಗೂಗಲ್ ಲೆಕ್ಕಕ್ಕೆ ತಗೊಳ್ಳೋ ಲಿಂಕ್ ಅಂತೆ. ಎಲ್ಲವೂ ಡಿಎ (ಸೈಟ್‌ಗೆ ಎಷ್ಟು ತೂಕ ಇದೆ ಅಂತ ಹೇಳೋ ಅಂಕವಂತೆ) 40 ಪ್ಲಸ್. ಮೂರು ತಿಂಗಳಲ್ಲಿ ಗೂಗಲ್‌ನ ಮೊದಲ ಪುಟ, ಗ್ಯಾರಂಟಿ. ನಾನು ಫೋನ್ ಮಾಡಿ, ರೊಟ್ಟಿ ಸ್ಯಾಂಪಲ್ ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಕೇಳಿದೆ. "ಅದೇನೂ ಬೇಡ ಮೇಡಂ, ನಾಲ್ಕು ಫೋಟೋ ಇದ್ದರೆ ಸಾಕು" ಅಂದರು.

ಅಲ್ಲಿಗೇ ನನಗೆ ಅನುಮಾನ ಬಂತು. ತಿನ್ನದೆ ರೊಟ್ಟಿ ಬಗ್ಗೆ ಏನು ಬರೀತಾರೆ? ಆದರೆ ತಮ್ಮ, ಎಲ್ಲರೂ ಹೀಗೇ ಮಾಡೋದು ಅಕ್ಕಾ ಅಂತಾನೆ. 18,000 ನಮಗೆ ಸಣ್ಣ ದುಡ್ಡಲ್ಲ. ಯಾರಾದರೂ ಮಾಡಿಸಿ ನೋಡಿದ್ದೀರಾ?

ಗಂಜ್ ಕಾಕಾ, ಕಲಬುರಗಿ (ಸೋಮವಾರ, ರಾತ್ರಿ 9:48)

ಬೇಡ ತಂಗಿ. ಆ ದುಡ್ಡಿಗೆ ಎಷ್ಟು ಚೀಲ ಜೋಳ ಬರುತ್ತೆ, ಲೆಕ್ಕ ಹಾಕಿ ನೋಡು.

ಬಿದ್ರಿ ಮನೆ, ಬೀದರ್ (ಸೋಮವಾರ, ರಾತ್ರಿ 10:35)

ಅಕ್ಕ, ನಾನು ಮಾಡಿಸಿದ್ದೇನೆ. ಕೈ ಸುಟ್ಟುಕೊಂಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಬಿದ್ರಿ ಕೆಲಸದ ಮನೆತನ. ಮೂರು ವರ್ಷದ ಹಿಂದೆ ಸೈಟ್ ಶುರು ಮಾಡಿದಾಗ ಒಬ್ಬ ಏಜೆಂಟ್ ಮೂಲಕ ಎಂಟು ಬ್ಲಾಗ್‌ಗಳಲ್ಲಿ ರಿವ್ಯೂ ಹಾಕಿಸಿದೆ. ಬರೆದವರಲ್ಲಿ ಒಬ್ಬರೂ ಬಿದ್ರಿ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ಒಬ್ಬರು "ಕಪ್ಪು ಪೇಂಟ್ ಬಳಿದ ಅಪ್ಪಟ ಬೆಳ್ಳಿ ಹೂದಾನಿ" ಅಂತ ಬರೆದಿದ್ದರು. ಓದಿ ತಲೆ ಚಚ್ಚಿಕೊಂಡೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿದ್ರಿ ಪಾತ್ರೆ ಅಚ್ಚು ಹೊಯ್ಯೋದು ಸತು ಮತ್ತು ತಾಮ್ರದಲ್ಲಿ. ಸತುವೇ ಜಾಸ್ತಿ. ಅದರ ಮೇಲೆ ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ, ಬೆಳ್ಳಿ ತಗಡು ಕೂರಿಸುತ್ತೇವೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಿಗೆ ಇಳಿಸಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಪೇಂಟೂ ಇಲ್ಲ, ಅಪ್ಪಟ ಬೆಳ್ಳಿಯೂ ಅಲ್ಲ. ಆ ಮಣ್ಣು, ಆ ಕಪ್ಪು ಇದ್ದರೇ ಬಿದ್ರಿ. 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, 2023ರಲ್ಲಿ ನಮ್ಮೂರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದೆ. ಇಷ್ಟು ದೊಡ್ಡ ವಿಷಯವನ್ನು "ಪೇಂಟ್" ಅಂತ ಒಂದು ಮಾತಲ್ಲಿ ಮುಗಿಸಿಬಿಟ್ಟರು.

ಅದನ್ನು ಓದಿದ ಗಿರಾಕಿಯೊಬ್ಬರು ಹೂದಾನಿ ತರಿಸಿಕೊಂಡರು. ಅಕ್ಕಸಾಲಿಗರ ಹತ್ತಿರ ತೋರಿಸಿದರಂತೆ. ಇದು ಬೆಳ್ಳಿ ಅಲ್ಲ ಅಂತ ಅವರು ಹೇಳಿದರು. ಗಿರಾಕಿ ನನಗೆ ಫೋನ್ ಮಾಡಿ ಮೋಸಗಾರ ಅಂದರು. ಮಾಲು ವಾಪಸ್ ಬಂತು, ಎರಡೂ ಕಡೆಯ ಕೊರಿಯರ್ ಖರ್ಚು ನನ್ನ ತಲೆಗೆ.

ಲೆಕ್ಕ ಹೇಳಬೇಕು ಅಂದರೆ, ಎಂಟು ಬ್ಲಾಗ್‌ಗಳಿಂದ ಎರಡು ತಿಂಗಳಲ್ಲಿ ಎಪ್ಪತ್ತು ಚಿಲ್ಲರೆ ಜನ ಸೈಟ್‌ಗೆ ಬಂದಿದ್ದರು. ಬಹಳಷ್ಟು ಜನ ಹತ್ತು ಸೆಕೆಂಡ್ ಕೂಡ ನಿಲ್ಲಲಿಲ್ಲ. ಆರ್ಡರ್ ಎರಡು. ಅದರಲ್ಲಿ ಒಂದು ಮೇಲೆ ಹೇಳಿದ್ದೇ. ಆ ಎಂಟರಲ್ಲಿ ಎರಡು ಬ್ಲಾಗ್ ಈಗ ತೆರೆಯೋದೇ ಇಲ್ಲ.

ಇನ್ನೊಂದು ಮಾತು. ಕೋಟೆ ನೋಡೋಕೆ ಬಂದಿದ್ದ ಒಬ್ಬರು ನಮ್ಮ ಕಾರ್ಖಾನೆಯಲ್ಲಿ ಎರಡು ತಾಸು ನೆಲದ ಮೇಲೆ ಕೂತು ನೋಡಿ, ಚಹಾ ಕುಡಿದು ಹೋದರು. ಆಮೇಲೆ ಕನ್ನಡದಲ್ಲಿ ಬರೆದರು. ಒಂದು ಪೈಸೆ ತಗೊಂಡಿಲ್ಲ. ಅದನ್ನು ಓದಿದವರು ಇವತ್ತಿಗೂ ಬಂದು "ಆ ಮಣ್ಣು ತೋರಿಸಿ" ಅಂತ ಕೇಳುತ್ತಾರೆ. ಹಾಗಂತ ಇಂಥವರು ದಿನಾ ಬಾಗಿಲಿಗೆ ಬರಲ್ಲ, ಅದೂ ನಿಜ.

ಸರ್ಚ್ ಕೆಲಸ, ಸೇಡಂ ರಸ್ತೆ (ಮಂಗಳವಾರ, ಬೆಳಗ್ಗೆ 8:05)

ನನ್ನ ಹೊಟ್ಟೆಪಾಡೇ ಇದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೇಡಂ, ಅವರು ನಿಮಗೆ ಮಾರುತ್ತಿರೋದು ರಿವ್ಯೂ ಅಲ್ಲ, ಲಿಂಕ್. ರಿವ್ಯೂ ಅನ್ನೋದು ಆ ಲಿಂಕ್‌ಗೆ ಸುತ್ತಿದ ಪೇಪರ್ ಅಷ್ಟೇ. ಅದಕ್ಕೇ ಅವರಿಗೆ ನಿಮ್ಮ ರೊಟ್ಟಿ ಬೇಡ.

ಬೇರೆ ಸೈಟ್‌ಗಳು ಲಿಂಕ್ ಕೊಟ್ಟರೆ ಗೂಗಲ್ ಅದನ್ನು ಒಂದು ಶಿಫಾರಸು ಅಂತ ನೋಡುತ್ತೆ. ಈ ಶಿಫಾರಸನ್ನು ಕಾಸಿಗೆ ಮಾರೋಕೆ ಜನ ಶುರು ಮಾಡಿದಾಗ ಗೂಗಲ್ ನಿಯಮ ತಂತು. ದುಡ್ಡು ಅಥವಾ ಮಾಲು ಪಡೆದು ಕೊಟ್ಟ ಲಿಂಕ್‌ಗೆ ಗುರುತು ಹಾಕಬೇಕು. 2005ರಲ್ಲಿ ನೋ-ಫಾಲೋ ಅನ್ನೋ ಗುರುತು ಬಂತು, 2019ರಲ್ಲಿ ಇದಕ್ಕೇ ಅಂತ ಸ್ಪಾನ್ಸರ್ಡ್ ಅನ್ನೋದು ಬಂತು. ಈ ಗುರುತಿದ್ದರೆ ರ‍್ಯಾಂಕಿಂಗ್‌ಗೆ ಆ ಲಿಂಕ್ ಲೆಕ್ಕಕ್ಕಿಲ್ಲ ಅಂತಲೇ ತಿಳಿದುಕೊಳ್ಳಿ. ದುಡ್ಡು ತಗೊಂಡು ಡು-ಫಾಲೋ ಕೊಡ್ತೀವಿ ಅಂದರೆ ನಿಯಮ ಮುರಿಯೋಕೇ ದುಡ್ಡು ಕೇಳುತ್ತಿದ್ದಾರೆ ಅಂತ ಅರ್ಥ.

ಗೂಗಲ್ ತನ್ನನ್ನೇ ಬಿಟ್ಟಿಲ್ಲ. 2012ರ ಜನವರಿಯಲ್ಲಿ ಕ್ರೋಮ್ ಪ್ರಚಾರಕ್ಕೆ ಬ್ಲಾಗರ್‌ಗಳಿಗೆ ದುಡ್ಡು ಕೊಟ್ಟು ಬರೆಸಿದ್ದು ಬಯಲಾಯಿತು. ಗುರುತಿಲ್ಲದ ಲಿಂಕ್ ಒಂದು ಸಿಕ್ಕಿತು. ಕ್ರೋಮ್ ಪುಟವನ್ನೇ ಅರವತ್ತು ದಿನ ಹಿಂದಕ್ಕೆ ತಳ್ಳಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಇಂಥ ಲಿಂಕ್ ಹಿಡಿಯೋಕೆ ಗೂಗಲ್ ಮಾಡಿದ ಪೆಂಗ್ವಿನ್ ಅನ್ನೋ ಅಪ್‌ಡೇಟ್ ಬಂದು, ಲಿಂಕ್ ಕೊಂಡು ಮೇಲೆ ಕೂತಿದ್ದ ಎಷ್ಟೋ ಸೈಟ್‌ಗಳು ರಾತ್ರೋರಾತ್ರಿ ಕೆಳಗೆ ಬಿದ್ದವು. 2013ರ ಫೆಬ್ರವರಿಯಲ್ಲಿ ಬ್ರಿಟನ್‌ನ ಇಂಟರ್‌ಫ್ಲೋರಾ ಅನ್ನೋ ಹೂವಿನ ಕಂಪನಿ, ಪತ್ರಿಕೆಗಳ ಸೈಟ್‌ನಲ್ಲಿ ದುಡ್ಡಿನ ಲೇಖನ ಹಾಕಿಸಿದ್ದಕ್ಕೆ ತನ್ನ ಹೆಸರು ಹುಡುಕಿದರೂ ಸಿಗದ ಹಾಗೆ ಆಯಿತು. ಹತ್ತು ಹನ್ನೊಂದು ದಿನ.

2016ರಿಂದ ಪೆಂಗ್ವಿನ್ ನಡೆ ಸ್ವಲ್ಪ ಬದಲಾಯಿತು. ಶಿಕ್ಷೆ ಕೊಡೋದಕ್ಕಿಂತ ಇಂಥ ಲಿಂಕ್‌ಗಳನ್ನು ಸುಮ್ನೆ ಲೆಕ್ಕದಿಂದ ತೆಗೆದುಬಿಡುತ್ತೆ. ಅಂದರೆ ನಿಮ್ಮ 18,000 ಸದ್ದಿಲ್ಲದೆ ನೀರಿಗೆ ಹೋಗುತ್ತೆ. ಹೋಗಿದ್ದೂ ಗೊತ್ತಾಗಲ್ಲ. ಅದು ಇನ್ನೂ ಕೆಟ್ಟದ್ದು ಅಲ್ವಾ?

ಡಿಎ ಅಂತಾರಲ್ಲ, ಅದು ಗೂಗಲ್‌ನ ಅಂಕವೇ ಅಲ್ಲ. ಮಾಜ್ ಅನ್ನೋ ಕಂಪನಿ ತನ್ನ ಅಂದಾಜಿಗೆ 1ರಿಂದ 100ರವರೆಗೆ ಕೊಡೋ ನಂಬರ್. ಇನ್ನು ಮೊದಲ ಪುಟದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ. ನಾನೂ ಕೊಡಲ್ಲ, ಅದಕ್ಕೇ ನನಗೆ ಗಿರಾಕಿ ಕಮ್ಮಿ.

ಒಂದು ಕೆಲಸ ಮಾಡಿ. ಆ 12 ಬ್ಲಾಗ್‌ಗಳ ಪಟ್ಟಿ ಮೊದಲೇ ಕೇಳಿ. ಒಂದೊಂದರಲ್ಲೂ ಕಳೆದ ಇಪ್ಪತ್ತು ಬರಹ ಕಣ್ಣಾಡಿಸಿ. ಸೋಮವಾರ ಸಾಲದ ಆ್ಯಪ್, ಮಂಗಳವಾರ ಹಾಸಿಗೆ, ಬುಧವಾರ ಆನ್‌ಲೈನ್ ಜೂಜು ಇದ್ದರೆ ಅದು ಬ್ಲಾಗ್ ಅಲ್ಲ, ಬಾಡಿಗೆ ಗೋಡೆ.

ತಿರುಗಾಟ, ಯಾದಗಿರಿ (ಮಂಗಳವಾರ, ಮಧ್ಯಾಹ್ನ 1:15)

ಎಲ್ಲಾ ಬ್ಲಾಗರ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಸರ್. ನಾನು ಏಳು ವರ್ಷದಿಂದ ಊರು, ಊಟ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದುಡ್ಡು ತಗೊಂಡೂ ಬರೆದಿದ್ದೇನೆ. ಮುಚ್ಚಿಡೋದೇನೂ ಇಲ್ಲ.

ಒಂದು ಬರಹಕ್ಕೆ ನನಗೆ ಎರಡು ದಿನ ಬೇಕು. ಹೋಗಬೇಕು, ಉಳಿಯಬೇಕು, ಬೆಳಕು ನೋಡಿ ಫೋಟೋ ತೆಗೆಯಬೇಕು, ಕೂತು ಬರೆಯಬೇಕು. ನಾನು ಕೇಳೋದು ಆ ಎರಡು ದಿನದ ಕೂಲಿ, ಹೊಗಳಿಕೆಯ ರೇಟ್ ಅಲ್ಲ. ಮಾತು ಶುರುವಾಗುವ ಮೊದಲೇ ಹೇಳುತ್ತೇನೆ: ಬರಹದ ತಲೆಯಲ್ಲೇ "ಇದಕ್ಕೆ ಹಣ ಪಡೆದಿದ್ದೇನೆ" ಅಂತ ಹಾಕುತ್ತೇನೆ, ಲಿಂಕ್‌ಗೆ ಸ್ಪಾನ್ಸರ್ಡ್ ಗುರುತು ಇರುತ್ತೆ, ಕಂಡಿದ್ದು ಬರೆಯುತ್ತೇನೆ. ಬೆಲೆ, ವಿಳಾಸ ತಪ್ಪಿದ್ದರೆ ತಿದ್ದಿ. ಅಭಿಪ್ರಾಯ ತಿದ್ದಬೇಡಿ. ಇಷ್ಟು ಹೇಳಿದ ಮೇಲೆ ಹತ್ತರಲ್ಲಿ ಏಳು ಮಂದಿ ವಾಪಸ್ ಫೋನ್ ಮಾಡಲ್ಲ. ಉಳಿದ ಮೂವರ ಮಾಲು ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಧೈರ್ಯ ಇರೋದು ಅವರಿಗೇ.

ಇನ್ನೊಂದು. ರೀಲ್ ಎರಡು ದಿನ ಓಡುತ್ತೆ, ಮೂರನೇ ದಿನ ಯಾರಿಗೂ ನೆನಪಿರಲ್ಲ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ಎಲ್ಲಿ ನಿಂತು ನೋಡಿದರೆ ಸರಿಯಾಗಿ ಕಾಣುತ್ತೆ ಅಂತ ನಾನು ಬರೆದಿದ್ದು ಐದು ವರ್ಷ ಹಳೆಯದು. ಇವತ್ತಿಗೂ ದಿನಾ ಯಾರಾದರೂ ಹುಡುಕಿಕೊಂಡು ಬಂದು ಓದುತ್ತಾರೆ. ಬ್ಲಾಗ್‌ಗೆ ಕೊಟ್ಟ ದುಡ್ಡು ಕೆಲಸ ಮಾಡೋದು ಹೀಗೆ, ನಿಧಾನಕ್ಕೆ. ಒಂದೇ ವಾರದಲ್ಲಿ ಆರ್ಡರ್ ಸುರಿಯಬೇಕು ಅನ್ನೋರು ಬ್ಲಾಗ್ ಕಡೆ ಬರಲೇಬಾರದು.

ಕಡಕ್ ರೊಟ್ಟಿ, ಕಲಬುರಗಿ (ಮಂಗಳವಾರ, ಸಂಜೆ 6:30)

ಎಲ್ಲರಿಗೂ ಥ್ಯಾಂಕ್ಸ್. ತಿರುಗಾಟದವರಿಗೆ ಒಂದು ಪ್ರಶ್ನೆ. ಮೇಲೇ "ಹಣ ಪಡೆದಿದ್ದೇನೆ" ಅಂತ ಹಾಕಿದರೆ ಮುಂದೆ ಯಾರು ಓದುತ್ತಾರೆ? ಹಾಕಲೇಬೇಕಾ, ಅಥವಾ ಅದು ನಿಮ್ಮ ಪದ್ಧತಿಯಾ?

ತೆರಿಗೆ ಲೆಕ್ಕ, ಬೀದರ್ (ಮಂಗಳವಾರ, ರಾತ್ರಿ 8:10)

ಹಾಕಲೇಬೇಕು ಮೇಡಂ. ಜಾಹೀರಾತು ಮಂಡಳಿ ಆಸ್ಕಿ 2021ರಲ್ಲೇ ಇದಕ್ಕೆ ನಿಯಮ ಮಾಡಿತು. 2022ರ ಜೂನ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂತು, 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೇ ಅಂತ ಇನ್ನಷ್ಟು ಬಿಡಿಸಿ ಹೇಳಿತು. ದುಡ್ಡಷ್ಟೇ ಅಲ್ಲ. ಪುಕ್ಕಟೆ ಮಾಲು, ಪುಕ್ಕಟೆ ರೂಮು, ನೆಂಟಸ್ತಿಕೆ ಇದ್ದರೂ ಹೇಳಬೇಕು. ಬರಹ ಕನ್ನಡದಲ್ಲಿದ್ದರೆ ಸೂಚನೆಯೂ ಕನ್ನಡದಲ್ಲೇ, ಕಣ್ಣಿಗೆ ಬೀಳುವ ಹಾಗೆ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮಾಡಿಸಿದವರಿಗೂ ಹಾಕಬಹುದು, ಬರೆದವರಿಗೂ ಹಾಕಬಹುದು.

ತೆರಿಗೆ ಮಾತು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ವರ್ಷಕ್ಕೆ 20,000ಕ್ಕಿಂತ ಜಾಸ್ತಿ ಬೆಲೆಯ ಮಾಲನ್ನು ಪ್ರಚಾರಕ್ಕೆ ಅಂತ ಒಬ್ಬರಿಗೆ ಕೊಟ್ಟು, ಅವರು ಅದನ್ನು ಇಟ್ಟುಕೊಂಡರೆ ಶೇ 10 ಟಿಡಿಎಸ್ (ಕೊಡುವವರೇ ಮೊದಲು ಕಟ್ಟೋ ತೆರಿಗೆ) ಕಟ್ಟಬೇಕು. 2022ರ ಜುಲೈ 1ರಿಂದ ಬಂದ ನಿಯಮ. ವರ್ಷದ ವಹಿವಾಟು ಒಂದು ಕೋಟಿ ದಾಟದ ಮನೆ ವ್ಯಾಪಾರಿಗಳಿಗೆ ಈ ಗೋಜು ಇಲ್ಲ. ರೊಟ್ಟಿ ಡಬ್ಬಿ ಧೈರ್ಯವಾಗಿ ಕಳಿಸಿ.

ತಮ್ಮ (ಮಂಗಳವಾರ, ರಾತ್ರಿ 9:02)

ಅಕ್ಕ ಮೇಲೆ ಬರೆದಿರುವ ಆ "ತಮ್ಮ" ನಾನೇ. ಇಡೀ ಕಲಬುರಗಿ ಮುಂದೆ ನನ್ನ ಮರ್ಯಾದೆ ತೆಗೆದಿದ್ದಾಳೆ.

ನನ್ನ ಮಾತೂ ಸ್ವಲ್ಪ ಕೇಳಿ. ಏಜೆನ್ಸಿ ಬೇಡ, ಒಪ್ಪಿದೆ. ಆದರೆ ಬಾಯಿಂದ ಬಾಯಿಗೆ ಹೋಗೋ ಸುದ್ದಿ ನಮ್ಮ ಮಂದಿಯಲ್ಲೇ ಸುತ್ತುತ್ತೆ. ಮೈಸೂರಿನವರಿಗೆ ಕಡಕ್ ರೊಟ್ಟಿ ಅಂದರೇನು ಅಂತ ಗೊತ್ತಿಲ್ಲ. ಹೋದ ತಿಂಗಳು ಒಬ್ಬರು ಪಾರ್ಸೆಲ್ ತೆಗೆದು "ರೊಟ್ಟಿ ಒಣಗಿಹೋಗಿದೆ, ಹಳೇ ಮಾಲು ಕಳಿಸಿದ್ದೀರಿ" ಅಂತ ಮೆಸೇಜ್ ಹಾಕಿದರು! ನಮ್ಮ ಸೈಟ್‌ನಲ್ಲಿ ನಾವೇ ಹೊಗಳಿಕೊಂಡರೆ ಯಾರು ನಂಬುತ್ತಾರೆ? ಹೊರಗಿನವರು ಯಾರಾದರೂ ತಿಂದು ಹೇಳಬೇಕಲ್ಲ.

ಸರ್ಚ್ ಕೆಲಸ, ಸೇಡಂ ರಸ್ತೆ (ಮಂಗಳವಾರ, ರಾತ್ರಿ 9:30)

ತಮ್ಮ, ಇಡೀ ಚರ್ಚೆಯಲ್ಲಿ ಇದೇ ಒಳ್ಳೆಯ ಪ್ರಶ್ನೆ. ಆ "ಒಣಗಿದ ರೊಟ್ಟಿ" ಮೆಸೇಜೇ ನಿಮ್ಮ ಸೈಟ್‌ನ ಮೊದಲ ಬರಹ ಆಗಬೇಕು. ಕಡಕ್ ರೊಟ್ಟಿ ಯಾಕೆ ಗಟ್ಟಿ ಇರುತ್ತೆ, ಎಷ್ಟು ದಿನ ಇಡಬಹುದು, ಎಣ್ಣೆಗಾಯಿ ಜೊತೆ ಹೇಗೆ, ಮೊಸರಿಗೆ ಹಿಂಡಿ ಕಲಸಿ ಹೇಗೆ. ಅತ್ತೆಯವರು ಹೇಳಲಿ, ನೀನು ಬರಿ. ಖರ್ಚಿಲ್ಲ. ಆಮೇಲೆ ತಿಂದು ಬರೆಯುವ ಒಬ್ಬರನ್ನು ಹುಡುಕಿ. 12 ಅಲ್ಲ, ಒಬ್ಬರು. ಅವರ ಓದುಗರಿಗೆ ಅಂತ ಬೇರೆ ಕೂಪನ್ ಕೋಡ್ ಕೊಡಿ, ಲಿಂಕ್‌ಗೆ ಯುಟಿಎಂ (ಯಾವ ಕಡೆಯಿಂದ ಬಂದರು ಅಂತ ತೋರಿಸೋ ಗುರುತು) ಹಾಕಿ. ಎಷ್ಟು ಜನ ಬಂದರು, ಎಷ್ಟು ಜನ ಕೊಂಡರು ಅಂತ ಎಣಿಸಿ.

ಕಡಕ್ ರೊಟ್ಟಿ, ಕಲಬುರಗಿ (ಎರಡು ತಿಂಗಳ ನಂತರ, ಭಾನುವಾರ, ಮಧ್ಯಾಹ್ನ 3:40)

ಏನಾಯಿತು ಅಂತ ಹೇಳಿ ಅಂತ ನಾಲ್ಕೈದು ಜನ ಕೇಳಿದ್ದರು. ಈಗ ಪುರುಸೊತ್ತು ಸಿಕ್ಕಿದೆ.

ಏಜೆನ್ಸಿಯವರ ಹತ್ತಿರ ಪಟ್ಟಿ ಕೇಳಿದೆ. ಮೂರು ಸಲ ಕೇಳಿದ ಮೇಲೆ ಕೊಟ್ಟರು. 12ರಲ್ಲಿ 9 ಇಂಗ್ಲಿಷ್, 3 ಹಿಂದಿ, ಕನ್ನಡ ಒಂದೂ ಇಲ್ಲ. ಅದರಲ್ಲೊಂದು ಬ್ಲಾಗ್‌ನಲ್ಲಿ ಬೇರೆ ಯಾರದೋ ರೊಟ್ಟಿಯ ರಿವ್ಯೂ ಆಗಲೇ ಇತ್ತು. "ಬಾಯಲ್ಲಿಟ್ಟರೆ ಕರಗುವ ಮೃದುವಾದ ಕಡಕ್ ರೊಟ್ಟಿ" ಅಂತ! ಅತ್ತೆಗೆ ಓದಿ ಹೇಳಿದೆ. ಬಡಿಯುತ್ತಿದ್ದ ರೊಟ್ಟಿ ಬಿಟ್ಟು ನಕ್ಕರು. ಏಜೆನ್ಸಿಗೆ ಬೇಡ ಅಂದೆ.

ಆಮೇಲೆ ಪುಣೆಯಲ್ಲಿರುವ, ಕನ್ನಡದಲ್ಲಿ ಅಡುಗೆ ಬಗ್ಗೆ ಬರೆಯುವ ಒಬ್ಬರು ಸಿಕ್ಕರು. 4,000 ರೂಪಾಯಿ, ಜೊತೆಗೆ ಪಾರ್ಸೆಲ್. ತಿರುಗಾಟದವರು ಹೇಳಿದ ಷರತ್ತುಗಳನ್ನೇ ಅವರೂ ಹೇಳಿದರು.

ಬರಹ ಬಂತು. ಮೊದಲನೇ ಫೋಟೋ ನೋಡಿ ನನ್ನ ಜೀವ ಬಾಯಿಗೆ ಬಂತು. ಸ್ಟೀಲ್ ತಟ್ಟೆ ತುಂಬಾ ರೊಟ್ಟಿ ಚೂರು. "20 ರೊಟ್ಟಿಯಲ್ಲಿ 7 ಮುರಿದಿದ್ದವು" ಅಂತ ಕೆಳಗೆ. ಶೇಂಗಾ ಹಿಂಡಿಗೆ ಉಪ್ಪು ಒಂದು ಚೂರು ಜಾಸ್ತಿ ಅಂತಲೂ ಇತ್ತು. ಮುಂದೆ ಗುರೆಳ್ಳು ಹಿಂಡಿಯನ್ನು ಮನಸಾರೆ ಹೊಗಳಿದ್ದರು. ಮುರಿದ ಚೂರುಗಳನ್ನು ಮೊಸರಿಗೆ ಹಾಕಿ ಮಕ್ಕಳು ಖಾಲಿ ಮಾಡಿದರು ಅಂತಲೂ ಬರೆದಿದ್ದರು. ಆದರೆ ಅತ್ತೆಗೆ ಅದೆಲ್ಲ ಕಾಣಲೇ ಇಲ್ಲ. "ದುಡ್ಡು ಕೊಟ್ಟು ಬೈಸಿಕೊಂಡಿಯಾ?" ಅಂತ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ದಿನ ಅವರೇ ರಟ್ಟಿನ ಡಬ್ಬಿ ಮುಂದಿಟ್ಟುಕೊಂಡು ಕೂತರು. ಮೊದಲು ನಾವು ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಡಬ್ಬಿಯಲ್ಲಿಟ್ಟು, ಮೇಲೆ ಪೇಪರ್ ತುಂಬುತ್ತಿದ್ದೆವು. ಒಳಗೆ ಅಲ್ಲಾಡುತ್ತಿತ್ತು. ಈಗ ರೊಟ್ಟಿ ಅಳತೆಗೆ ರಟ್ಟನ್ನು ದುಂಡಗೆ ಕತ್ತರಿಸಿ ಅಟ್ಟಿಯ ಕೆಳಗೊಂದು, ಮೇಲೊಂದು ಇಟ್ಟು ಬಿಗಿಯಾಗಿ ಸುತ್ತುತ್ತೇವೆ. ಡಬ್ಬಿಯ ಮೂಲೆಗಳಲ್ಲಿ ಹಿಂಡಿ ಪ್ಯಾಕೆಟ್ ತುರುಕುತ್ತೇವೆ. ಅಲ್ಲಾಡಿಸಿದರೆ ಸದ್ದು ಬರಬಾರದು, ಅದು ಅತ್ತೆಯ ಪರೀಕ್ಷೆ. ಇನ್ನೊಂದು ಪಾರ್ಸೆಲ್ ಪುಣೆಗೆ ಕಳಿಸಿದೆವು. ಒಂದೇ ಒಂದು ಮುರಿದಿತ್ತಂತೆ. ಅದನ್ನೂ ಅವರು ಬರಹದ ಕೆಳಗೆ ಸೇರಿಸಿದರು, ಅದಕ್ಕೆ ದುಡ್ಡು ಕೇಳಲಿಲ್ಲ.

ಈಗ ಲೆಕ್ಕ. 40 ದಿನದಲ್ಲಿ ಅವರ ಕೋಡ್ ಹಾಕಿ 23 ಆರ್ಡರ್ ಬಂದವು. ಅದರಲ್ಲಿ 9 ಜನ ಮತ್ತೊಮ್ಮೆ ತರಿಸಿಕೊಂಡರು. ಒಟ್ಟು 32. ಒಂದು ಆರ್ಡರ್ ಸರಾಸರಿ 450 ರೂಪಾಯಿ. ಹಿಟ್ಟು, ಕೂಲಿ, ಗ್ಯಾಸ್, ಡಬ್ಬಿ, ಕೊರಿಯರ್ ಎಲ್ಲಾ ಕಳೆದರೆ ಕೈಗೆ ಸಿಗೋದು 130, 135. ಅಂದರೆ 4,300ರ ಹತ್ತಿರ. ಖರ್ಚಾಗಿದ್ದು ಎರಡು ಪಾರ್ಸೆಲ್ ಸೇರಿ 5,200. ಇನ್ನೂ 900 ಬರಬೇಕು. ಲಾಭ ಆಯಿತು ಅಂತ ಸುಳ್ಳು ಹೇಳಲ್ಲ. ಆದರೆ ಹಾಸನ, ಉಡುಪಿಯಿಂದ ಆರ್ಡರ್ ಬಂದಿದ್ದು ಇದೇ ಮೊದಲು, ಅವರ್ಯಾರೂ ನೆಂಟರಲ್ಲ. ಮುರಿದ ರೊಟ್ಟಿಯ ಜಗಳ ಮೊದಲು ವಾರಕ್ಕೊಂದು ಇರುತ್ತಿತ್ತು, ಈಗ ಈ ತಿಂಗಳಲ್ಲಿ ಒಂದು.

ಬಿದ್ರಿ ಮನೆ, ಬೀದರ್ (ಭಾನುವಾರ, ಸಂಜೆ 5:15)

ಅಕ್ಕ, ಆ 900 ಬಿಡಿ. ಪ್ಯಾಕಿಂಗ್ ಕಲಿಸೋಕೆ ಯಾರನ್ನಾದರೂ ಕರೆಸಿದ್ದರೆ ಅದಕ್ಕಿಂತ ಜಾಸ್ತಿ ಕೇಳುತ್ತಿದ್ದರು. ಪುಣೆಯವರು ಅಡುಗೆ ಬಿಟ್ಟು ಪಾತ್ರೆ ಬಗ್ಗೆ ಬರೀತಾರಾ, ಕೇಳಿ ನೋಡಿ.

ತಿರುಗಾಟ, ಯಾದಗಿರಿ (ಭಾನುವಾರ, ಸಂಜೆ 5:50)

ಪಾತ್ರೆ ಬಗ್ಗೆ ನಾನು ಬರೀತೀನಿ. ಬೀದರ್‌ಗೆ ಬಂದು ಎರಡು ದಿನ ಕೂರುತ್ತೇನೆ. ಕೂಲಿ ಮಾತ್ರ ಮೊದಲೇ ಹೇಳಿದ್ದೇನೆ.

ಗಂಜ್ ಕಾಕಾ, ಕಲಬುರಗಿ (ಭಾನುವಾರ, ರಾತ್ರಿ 8:30)

ತಂಗಿ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಮೂವತ್ತು ಮಂದಿ ಹೋಗುತ್ತೇವೆ. ಭಜ್ಜಿ ಮನೆಯಲ್ಲಿ ಮಾಡುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಂಬತ್ತು ಬೇಕು. ಸೈಟ್‌ನಲ್ಲಿ ಆ ಪುಣೆಯವರ ಕೋಡ್ ಹಾಕಿದರೆ ನನಗೂ ಕಮ್ಮಿ ಆಗುತ್ತಾ?

ಕಡಕ್ ರೊಟ್ಟಿ, ಕಲಬುರಗಿ (ಭಾನುವಾರ, ರಾತ್ರಿ 8:41)

ಕೋಡ್ ಹಾಕಬೇಡಿ ಕಾಕಾ, ನನ್ನ ಲೆಕ್ಕ ಕೆಡುತ್ತೆ. ಮನೆಗೆ ಬನ್ನಿ, ಹಾಗೇ ಕಮ್ಮಿ ಮಾಡಿ ಕೊಡುತ್ತೇನೆ.